‘ಅವರು’ ‘ಆತ’ ಆದ ದಿನ

2011ರ ನವೆಂಬರ್ 29. ಅಮೆರಿಕದ ಕೊಲರಾಡೊ ರಾಜ್ಯದ ಅರಪಾಹೋ ಕೌಂಟಿಯಲ್ಲಿ 68 ವರ್ಷದ ಹಿರಿಯರೊಬ್ಬರನ್ನು ಬಂಧಿಸಿ ಜೈಲಿಗೆ ಹಾಕಲಾಯಿತು. ಮೆಥ್ ಎಂಬ ಮಾದಕ ವಸ್ತುವಿನ ಆಸೆ ತೋರಿಸಿ ಪರಿಚಯದ ಗಂಡಸೊಬ್ಬನನ್ನು ಲೈಂಗಿಕ ಸಂಪರ್ಕಕ್ಕೆ ಕರೆದರೆಂಬುದು ಆರೋಪ. ಬಂಧಿತರ ಹೆಸರು ಪ್ಯಾಟ್ರಿಕ್ ಸಲಿವನ್. ಜೈಲಿನ ಹೆಸರು ಪ್ಯಾಟ್ರಿಕ್ ಜೆ. ಸಲಿವನ್ ಜೂನಿಯರ್ ಡಿಟೆನ್ಷನ್ ಫೆಸಿಲಿಟಿ.

ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ. ಶೆರಿಫ್ ಎಂದರೆ ಜನರೇ ಮತ ಹಾಕಿ ಆರಿಸುವ ಪೊಲೀಸ್ ಮುಖ್ಯಸ್ಥ. ಅಲ್ಲಿನ ಜೈಲು ಕೂಡ ಅವರ ಸುಪರ್ದಿಯಲ್ಲೇ ಇರುತ್ತದೆ. 1984ರಿಂದ 2002ರವರೆಗೆ ಸಲಿವನ್ ಆ ಕುರ್ಚಿಯಲ್ಲಿ ಕೂತಿದ್ದರು. 2001ರಲ್ಲಿ ಶೆರಿಫರ ರಾಷ್ಟ್ರೀಯ ಸಂಘ ಅವರನ್ನು ವರ್ಷದ ಶೆರಿಫ್ ಎಂದು ಗೌರವಿಸಿತ್ತು. ಮೆಥ್ ಪಿಡುಗನ್ನು ತಡೆಯುವ ಕಾರ್ಯಪಡೆಯಲ್ಲೂ ಅವರು ಕೆಲಸ ಮಾಡಿದ್ದರು. ನಿವೃತ್ತರಾದ ಮೇಲೆ ಚೆರಿ ಕ್ರೀಕ್ ಶಾಲಾ ವಲಯದ ಭದ್ರತೆಯ ಹೊಣೆ ಹೊತ್ತರು.

ಇವೆಲ್ಲಕ್ಕಿಂತ ಜನರ ಮನಸ್ಸಿನಲ್ಲಿ ಉಳಿದಿದ್ದು 1989ರ ಒಂದು ಘಟನೆ. ಬಂದೂಕುಧಾರಿಯೊಬ್ಬನ ಗುಂಡಿನ ದಾಳಿಗೆ ಇಬ್ಬರು ಡೆಪ್ಯುಟಿಗಳು, ಅಂದರೆ ಶೆರಿಫರ ಕೈಕೆಳಗಿನ ಪೊಲೀಸರು, ಸಿಕ್ಕಿಕೊಂಡಿದ್ದರು. ಸಲಿವನ್ ತಾವೇ ಗಾಡಿ ಓಡಿಸಿಕೊಂಡು ಬೇಲಿ ಮುರಿದು ಒಳನುಗ್ಗಿದರು. ಆ ಇಬ್ಬರನ್ನೂ ಗಾಡಿಗೆ ಹತ್ತಿಸುವವರೆಗೆ ಅವರಿಗೆ ರಕ್ಷಣೆಯಾಗಿ ನಿಂತರು. ಹಿರಿಯ ಅಧಿಕಾರಿಗಳು ಸಾಮಾನ್ಯವಾಗಿ ದೂರದಲ್ಲಿ ನಿಂತು ಆಜ್ಞೆ ಕೊಡುವ ಹೊತ್ತು ಅದು. ಅವರು ಹಾಗೆ ಮಾಡಲಿಲ್ಲ.

ಇಂಥವರ ಕೈಗೆ ಕೋಳ ಬಿದ್ದರೆ ಊರಿಗೆ ಏನಾಗುತ್ತದೆ?

ಕನ್ನಡ ಪತ್ರಿಕೆ ಓದುವವರಿಗೆ ಇದರ ಒಂದು ಗುರುತು ಚೆನ್ನಾಗಿ ಗೊತ್ತು. ನಿನ್ನೆಯವರೆಗೆ ‘ಅವರು’, ‘ಹೇಳಿದರು’, ‘ಬಂದರು’ ಎಂದೆಲ್ಲ ಬರೆಸಿಕೊಂಡವರು ಬಂಧನದ ಮರುದಿನ ಬಹುಮಟ್ಟಿಗೆ ‘ಆತ’ ಆಗಿಬಿಡುತ್ತಾರೆ. ಕ್ರಿಯಾಪದವೂ ಏಕವಚನಕ್ಕೆ ಇಳಿಯುತ್ತದೆ. ನ್ಯಾಯಾಲಯ ಇನ್ನೂ ಬಾಯಿ ಬಿಟ್ಟಿರುವುದಿಲ್ಲ, ವ್ಯಾಕರಣ ಆಗಲೇ ತೀರ್ಪು ಕೊಟ್ಟಿರುತ್ತದೆ. ಇಂಗ್ಲಿಷಿಗೆ ಈ ಸೌಕರ್ಯ ಇಲ್ಲ. ಆದರೆ ಆ ಇಳಿತ ಮನಸ್ಸಿನಲ್ಲಿ ಎಲ್ಲ ಊರುಗಳಲ್ಲೂ ನಡೆಯುತ್ತದೆ. ಈ ಬರಹದಲ್ಲಿ ಸಲಿವನ್ ಕೊನೆಯವರೆಗೂ ‘ಅವರು’ ಆಗಿಯೇ ಇರುತ್ತಾರೆ. ಅದಕ್ಕೆ ಕಾರಣ ದಾಕ್ಷಿಣ್ಯ ಅಲ್ಲ.

ಊರು ಇಂಥ ಹೊತ್ತಿನಲ್ಲಿ ಎರಡು ಬಗೆಯ ಲೆಕ್ಕ ಹಾಕುತ್ತದೆ. ‘ಅಷ್ಟೆಲ್ಲ ಒಳ್ಳೆಯದು ಮಾಡಿದವರು, ಒಂದು ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳೋಣ’ ಎನ್ನುವುದು ಒಂದು. ‘ಮೊದಲಿನಿಂದಲೂ ಎಲ್ಲ ನಾಟಕ, ನಾವು ಮೋಸ ಹೋದೆವು’ ಎನ್ನುವುದು ಇನ್ನೊಂದು. ಒಂದಕ್ಕೊಂದು ಪೂರಾ ವಿರುದ್ಧ ಅನ್ನಿಸುತ್ತದೆ. ಆದರೆ ಎರಡರಲ್ಲೂ ನಡೆಯುವುದು ಒಂದೇ ಕೆಲಸ. ಪುಣ್ಯದಲ್ಲಿ ಪಾಪವನ್ನು ಕಳೆದು, ಉಳಿದ ಬಾಕಿಯನ್ನು ಆ ಮನುಷ್ಯನ ಬೆಲೆ ಎಂದು ಬರೆದುಕೊಳ್ಳುವುದು. ಮೊದಲನೆಯ ಗುಂಪಿಗೆ ಬಾಕಿ ಜಮೆಯ ಕಡೆ ಬರುತ್ತದೆ, ಎರಡನೆಯ ಗುಂಪಿಗೆ ಸಾಲದ ಕಡೆ.

ಈ ಕಳೆಯುವ ಲೆಕ್ಕವನ್ನು ಮಹಾಭಾರತ ಒಪ್ಪುವುದಿಲ್ಲ. ಸ್ವರ್ಗಾರೋಹಣ ಪರ್ವದ ಕಥೆ ಗೊತ್ತಿದ್ದವರೂ ಅದರ ವಿಚಿತ್ರವನ್ನು ಮರೆತುಬಿಡುತ್ತಾರೆ. ಧರ್ಮರಾಯ ಸ್ವರ್ಗಕ್ಕೆ ಕಾಲಿಟ್ಟಾಗ ಅವನಿಗೆ ಮೊದಲು ಕಾಣುವುದು ತಮ್ಮಂದಿರಲ್ಲ, ದುರ್ಯೋಧನ. ಅದೂ ಆಸನದ ಮೇಲೆ, ತೇಜಸ್ಸಿನಿಂದ ಹೊಳೆಯುತ್ತ! ತಮ್ಮಂದಿರನ್ನೂ ದ್ರೌಪದಿಯನ್ನೂ ಹುಡುಕಿಕೊಂಡು ಹೋದರೆ ಸಿಗುವುದು ಕತ್ತಲು ಕವಿದ, ದುರ್ವಾಸನೆಯ ದಾರಿ. ಅಲ್ಲಿಂದ ಅವರ ನರಳಾಟ ಕೇಳುತ್ತದೆ. ‘ಇವರು ಇಲ್ಲಿದ್ದರೆ ನಾನೂ ಇಲ್ಲೇ ಇರುತ್ತೇನೆ’ ಎಂದು ಧರ್ಮರಾಯ ನಿಂತುಬಿಡುತ್ತಾನೆ. ಆಮೇಲೆ ಬರುವ ಇಂದ್ರ ಲೆಕ್ಕವನ್ನು ಬಿಡಿಸಿ ಹೇಳುತ್ತಾನೆ. ಪಾಪ ಹೆಚ್ಚಾಗಿದ್ದವರು ತಮ್ಮ ಅಲ್ಪ ಪುಣ್ಯದ ಫಲವನ್ನು ಮೊದಲು ಸ್ವರ್ಗದಲ್ಲಿ ಉಣ್ಣುತ್ತಾರೆ; ಪುಣ್ಯ ಹೆಚ್ಚಾಗಿದ್ದವರು ತಮ್ಮ ಅಲ್ಪ ಪಾಪಕ್ಕಾಗಿ ಮೊದಲು ನರಕ ನೋಡುತ್ತಾರೆ. ದ್ರೋಣನ ಎದುರು ಅಶ್ವತ್ಥಾಮನ ವಿಷಯದಲ್ಲಿ ಆಡಿದ ಅರ್ಧಸುಳ್ಳಿಗೆ ಧರ್ಮರಾಯನೂ ತೆರಬೇಕಾಯಿತು. ಬದುಕಿಡೀ ನುಡಿದ ಸತ್ಯ ಆ ಒಂದು ಸುಳ್ಳನ್ನು ಅಳಿಸಲಿಲ್ಲ. ದುರ್ಯೋಧನನ ಅಷ್ಟೊಂದು ಕೇಡು ರಣರಂಗದಲ್ಲಿ ಅವನು ತೋರಿದ ಧೈರ್ಯವನ್ನೂ ಅಳಿಸಲಿಲ್ಲ.

ಎರಡು ಖಾತೆ, ಎರಡಕ್ಕೂ ಬೇರೆ ಬೇರೆ ಫಲ. ಕರ್ಮದ ವಿಚಾರದಲ್ಲಿ ಇದಕ್ಕಿಂತ ಕಠಿಣವಾದ, ಇದಕ್ಕಿಂತ ದಯೆಯುಳ್ಳ ಮಾತು ಇನ್ನೊಂದಿಲ್ಲ.

ಸಲಿವನ್ ಪ್ರಕರಣವನ್ನು ಈ ಕಣ್ಣಿನಿಂದ ನೋಡಿದರೆ ಸಾಲದ ಪುಟವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಬಂಧನಕ್ಕೆ ಸುಮಾರು ಎರಡು ತಿಂಗಳ ಮೊದಲು, ಅಕ್ಟೋಬರ್ ಆರಂಭದಲ್ಲಿ, ಸೆಂಟೆನಿಯಲ್ ಎಂಬಲ್ಲಿನ ಒಂದು ಮನೆಯಿಂದ ದೂರು ಬಂದಿತ್ತು: ವಯಸ್ಸಾದ ವ್ಯಕ್ತಿಯೊಬ್ಬರು ಮನೆಯೊಳಗೆ ಬಂದಿದ್ದಾರೆ, ಹೋಗುತ್ತಿಲ್ಲ. ಚಟದಿಂದ ಹೊರಬರಲು ಒದ್ದಾಡುತ್ತಿದ್ದವರು ಆ ಮನೆಯಲ್ಲಿದ್ದರು. ಬಂದ ವ್ಯಕ್ತಿ ಅವರನ್ನು ಮತ್ತೆ ಅದೇ ಹಾಳು ಬಾವಿಗೆ ಎಳೆಯುತ್ತಿದ್ದಾರೆ ಎಂಬುದು ದೂರಿನ ತಿರುಳು. ಅಲ್ಲಿ ಸಿಕ್ಕ ಸಲಿವನ್ ಹೇಳಿದ್ದು, ತಾವು ವ್ಯಸನಿಗಳಿಗೆ ನೆರವಾಗಲು ಬಂದಿರುವುದಾಗಿ.

ಗಂಡಸು ಗಂಡಸಿನ ಸಂಗ ಬಯಸಿದ್ದರಲ್ಲಿ ಅಪರಾಧ ಇಲ್ಲ. ಸುದ್ದಿಯ ಆ ಭಾಗಕ್ಕೆ ನಾಲಗೆ ಚಪ್ಪರಿಸಿದವರು ನೋಡಬೇಕಾದ್ದನ್ನೇ ನೋಡಲಿಲ್ಲ. ಅಪರಾಧ ಇರುವುದು ವಿನಿಮಯದಲ್ಲಿ: ಚಟ ಬಿಡಲಾಗದೆ ನರಳುವವನ ಮುಂದೆ ಅದೇ ವಿಷವನ್ನು ಬೆಲೆಯಾಗಿ ಹಿಡಿಯುವುದರಲ್ಲಿ. ಮೆಥ್ ಎಂಥದ್ದು, ಅದಕ್ಕೆ ಸಿಕ್ಕಿದವನ ಸ್ಥಿತಿ ಏನಾಗುತ್ತದೆ ಎನ್ನುವುದು ಊರಿನ ಬೇರೆ ಯಾರಿಗಿಂತಲೂ ಆ ಮಾಜಿ ಶೆರಿಫರಿಗೆ ಚೆನ್ನಾಗಿ ಗೊತ್ತಿತ್ತು. ತಿಳಿಯದೆ ಮಾಡಿದ ತಪ್ಪಲ್ಲ ಅದು.

ಆಗಿನ ಶೆರಿಫ್ ಗ್ರೇಸನ್ ರಾಬಿನ್ಸನ್ ಹಿಂದೆ ಸಲಿವನ್ ಕೈಕೆಳಗೆ ದುಡಿದವರು. ತಮ್ಮನ್ನು ಬೆಳೆಸಿದ ಹಿರಿಯರ ಮೇಲೆ ತನಿಖೆ ನಡೆಸಿ, ಅವರನ್ನು ಅವರದೇ ಹೆಸರಿನ ಕಟ್ಟಡಕ್ಕೆ ಕಳಿಸುವ ಪಾಳಿ ಅವರದಾಯಿತು. ದೂರನ್ನು ಮುಚ್ಚಿಹಾಕುವುದು ಸುಲಭವಿತ್ತು. ‘ನಮ್ಮವರು, ವಯಸ್ಸಾಗಿದೆ’ ಎಂದು ಮನೆಗೆ ಬಿಟ್ಟುಬಂದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅದನ್ನು ಮಾಡದೇ ಇದ್ದದ್ದು ಆ ಊರಿನ ಪ್ರತಿಕ್ರಿಯೆಗಳಲ್ಲೆಲ್ಲ ಹೆಚ್ಚು ತೂಕದ್ದು. 2012ರ ಏಪ್ರಿಲ್‌ನಲ್ಲಿ ಸಲಿವನ್ ತಪ್ಪೊಪ್ಪಿಕೊಂಡರು. 30 ದಿನಗಳ ಜೈಲು, ಎರಡು ವರ್ಷಗಳ ಪ್ರೊಬೇಷನ್ ಶಿಕ್ಷೆಯಾಯಿತು.

ಇನ್ನು ಕ್ಷಮೆಯ ಮಾತು. ಅದಕ್ಕೆ ಅಮೆರಿಕದ ಇನ್ನೊಂದು ಊರನ್ನು ನೋಡಬೇಕು. ವರ್ಜೀನಿಯಾ ರಾಜ್ಯದ ಫೇರ್‌ಫ್ಯಾಕ್ಸ್ ಸುಮಾರು 24 ಸಾವಿರ ಜನರ ಊರು. ಅಲ್ಲಿನ ಮೇಯರ್ ಸ್ಕಾಟ್ ಸಿಲ್ವರ್‌ಥಾರ್ನ್ 2016ರ ಆಗಸ್ಟ್‌ನಲ್ಲಿ, ಮೂರನೆಯ ಸಲ ಗೆದ್ದ ಕೆಲವೇ ತಿಂಗಳಲ್ಲಿ, ಇದೇ ತರಹದ ಮೆಥ್ ಪ್ರಕರಣದಲ್ಲಿ ಮಾರುವೇಷದ ಪೊಲೀಸರ ಕೈಗೆ ಸಿಕ್ಕಿಬಿದ್ದು ಕುರ್ಚಿ ಬಿಟ್ಟರು. ಅವರ ತಂದೆಯೂ ಅದೇ ಊರಿನ ಮೇಯರ್ ಆಗಿದ್ದವರು. ಮಗ ಕ್ಯಾನ್ಸರ್ ಕಂಡಿದ್ದರು, ಕೆಲಸ ಕಳೆದುಕೊಂಡಿದ್ದರು, ದಿವಾಳಿ ಅರ್ಜಿ ಹಾಕಿದ್ದರು. ಇವೆಲ್ಲ ಗೊತ್ತಿದ್ದ ಸಣ್ಣ ಊರಿನಲ್ಲಿ ಕೋಪದ ಜೊತೆಗೆ ಕರುಳೂ ಮಿಡಿಯುವುದು ಸಹಜ. ಮರುವರ್ಷ ಅವರಿಗೆ ಮೂರು ತಿಂಗಳ ಜೈಲು ಶಿಕ್ಷೆಯಾಯಿತು.

ಆದರೆ ‘ನಾವು ಕ್ಷಮಿಸಿದ್ದೇವೆ’ ಎಂದು ಹೇಳುವ ಹಕ್ಕು ಊರಿಗೆ ಇದೆಯೇ? ಹನ್ನೆರಡನೆಯ ಶತಮಾನದ ಯಹೂದಿ ಪಂಡಿತ ಮೈಮೊನಿಡಿಸ್ ಪಶ್ಚಾತ್ತಾಪದ ವಿಧಿಗಳನ್ನು ಬರೆಯುವಾಗ ಇದನ್ನು ಖಡಾಖಂಡಿತವಾಗಿ ಹೇಳಿದರು. ದೇವರಿಗೆ ಮಾಡಿದ ಅಪರಾಧವನ್ನು ಪಶ್ಚಾತ್ತಾಪ, ಪವಿತ್ರ ದಿನ ತೊಳೆಯಬಹುದು. ಮನುಷ್ಯನಿಗೆ ಮಾಡಿದ ಅಪರಾಧವನ್ನು ಆ ಮನುಷ್ಯನ ಬಳಿಗೇ ಹೋಗಿ, ನಷ್ಟ ತುಂಬಿಕೊಟ್ಟು, ಅವನನ್ನು ಸಮಾಧಾನಪಡಿಸಿದ ಹೊರತು ದೇವರೂ ತೊಳೆಯುವುದಿಲ್ಲ. ಈ ಮಾತಿನ ಪ್ರಕಾರ ಅರಪಾಹೋದಲ್ಲಿ ಕ್ಷಮೆ ಕೊಡಬಲ್ಲವರು ಮತದಾರರಲ್ಲ, ಹಳೆಯ ಸಹೋದ್ಯೋಗಿಗಳೂ ಅಲ್ಲ, ಆ ಮನೆಯಲ್ಲಿದ್ದವರು. ಊರು ತನಗಾದ ಅವಮಾನದ ಬಗ್ಗೆ ಮಾತಾಡಿದಷ್ಟೂ ಅವರು ಮರೆಯಾಗುತ್ತಾರೆ. ಊರಿನ ಕೋಪಕ್ಕೂ ಊರಿನ ಔದಾರ್ಯಕ್ಕೂ ಇರುವ ದೊಡ್ಡ ದೋಷ ಇದು.

ಉಳಿದದ್ದು ಗೋಡೆಯ ಮೇಲಿನ ಹೆಸರು. ಸಲಿವನ್ ಬದುಕಿರುವಾಗಲೇ, ನಿವೃತ್ತಿಯ ಗೌರವವಾಗಿ, ಜೈಲಿಗೆ ಅವರ ಹೆಸರಿಟ್ಟಿದ್ದರು. ಯಾರನ್ನೂ ಅವನ ಕೊನೆ ನೋಡದೆ ಸುಖಿ ಎನ್ನಬೇಡ ಎಂದು ಗ್ರೀಸಿನ ಸೋಲನ್ ಲಿಡಿಯದ ರಾಜ ಕ್ರೀಸಸ್‌ನಿಗೆ ಎಚ್ಚರಿಸಿದನೆಂದು ಇತಿಹಾಸಕಾರ ಹೆರೊಡೋಟಸ್ ಬರೆಯುತ್ತಾನೆ. ಬದುಕಿರುವವರ ಹೆಸರನ್ನು ರಸ್ತೆಗೂ ವೃತ್ತಕ್ಕೂ ಇಡುವ ಎಲ್ಲ ಊರುಗಳಿಗೂ ಆ ಎಚ್ಚರಿಕೆ ಸಲ್ಲುತ್ತದೆ.

ಕನ್ನಡ ನಾಡಿನ ವೀರಗಲ್ಲುಗಳು ಇದನ್ನು ಇನ್ನೊಂದು ಬಗೆಯಲ್ಲಿ ನಿಭಾಯಿಸಿದವು. ಕಲ್ಲು ನಿಲ್ಲುವುದು ಸತ್ತ ಮೇಲೆ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಅವನ ಇರವು. ತುರು ಕಾಯ್ದದ್ದೋ ಊರು ಕಾಯ್ದದ್ದೋ ಒಂದು ಕೃತ್ಯವನ್ನು ಕಲ್ಲು ನೆನೆಯುತ್ತದೆ. ಇಡೀ ಬದುಕಿಗೆ ಒಳ್ಳೆಯತನದ ಪ್ರಮಾಣಪತ್ರ ಕೊಡುವುದಿಲ್ಲ. ಹತ್ತನೆಯ ಶತಮಾನದ ಆತಕೂರಿನ ಕಲ್ಲಿನಲ್ಲಿ ಕಾಡುಹಂದಿಯ ಜೊತೆ ಸೆಣಸಿ ಸತ್ತ ಕಾಳಿ ಎಂಬ ಬೇಟೆನಾಯಿಯ ಸ್ಮರಣೆ ಇದೆ. ಆ ನಾಯಿ ಉಳಿದ ದಿನಗಳಲ್ಲಿ ಹೇಗಿತ್ತೆಂದು ಕಲ್ಲು ಕೇಳಲಿಲ್ಲ. ಅಂದು ಹಿಂಜರಿಯದೆ ಕಾದಿತು, ಅಷ್ಟು ಸಾಕಾಯಿತು.

ಅರಪಾಹೋ ಕೌಂಟಿ ಬಳಿಕ ಜೈಲಿನಿಂದ ಸಲಿವನ್ ಹೆಸರನ್ನು ತೆಗೆಯಿತು. ಈಗ ಅದಕ್ಕಿರುವುದು ಕೌಂಟಿಯ ಹೆಸರು ಮಾತ್ರ. ತೆಗೆದದ್ದು ಸರಿ. ಮೆಥ್ ಪ್ರಕರಣದಲ್ಲಿ ಸಿಕ್ಕವರನ್ನು ಅದೇ ಅಪರಾಧ ಒಪ್ಪಿಕೊಂಡವರ ಹೆಸರಿನ ಕೆಳಗೆ ಕೂಡಿಹಾಕುವುದು ಯಾವ ನ್ಯಾಯ? ಆದರೆ 1989ರಲ್ಲಿ ಬೇಲಿ ಮುರಿದು ಒಳನುಗ್ಗಿದ ಗಾಡಿಯನ್ನು ಆ ಊರಿನ ನೆನಪಿನಿಂದ ತೆಗೆದರೆ ಅದು ಸುಳ್ಳಾಗುತ್ತದೆ. ಅಂದು ಆ ಗಾಡಿಯಲ್ಲಿ ಇಬ್ಬರು ಡೆಪ್ಯುಟಿಗಳು ಜೀವಂತ ಹೊರಬಂದರು.