ಉಪಭೋಗ ವ್ರತವೂ ಮೈ ಒರಸುವ ವಸ್ತ್ರವೂ

ಪರಿಗ್ರಹ ಪರಿಮಾಣ ವ್ರತವನ್ನು ಕುರಿತು ಪ್ರವಚನಗಳಲ್ಲಿ ಕೇಳುವಾಗ ಹೊಲ, ಮನೆ, ಬಂಗಾರ, ಧಾನ್ಯಗಳ ಮಾತು ಬರುತ್ತದೆ. ಬಚ್ಚಲ ಗೂಟಕ್ಕೆ ತೂಗುವ ಟವೆಲ್ಲಿನವರೆಗೆ ಆ ಮಾತು ಇಳಿದು ಬರುವುದು ಅಪರೂಪ. ಆದರೆ ನಮ್ಮ ಆಚಾರ್ಯರು ಅದನ್ನು ಬಿಟ್ಟಿರಲಿಲ್ಲ. ತತ್ತ್ವಾರ್ಥಸೂತ್ರದಲ್ಲಿ ಈ ವ್ರತದ ಅತಿಚಾರಗಳನ್ನು ಎಣಿಸುವಲ್ಲಿ ಕೊನೆಗೆ ಬರುವ ‘ಕುಪ್ಯ’ ಎಂಬ ಪದಕ್ಕೆ ಅರ್ಥ ಹೇಳುತ್ತ ಪೂಜ್ಯಪಾದರು ತಮ್ಮ ಸರ್ವಾರ್ಥಸಿದ್ಧಿಯಲ್ಲಿ ನಾರುಬಟ್ಟೆ, ಹತ್ತಿಬಟ್ಟೆ, ರೇಷ್ಮೆಗಳನ್ನು ಸೇರಿಸಿದ್ದಾರೆ. ಹತ್ತಿಯ ಒಂದು ತುಂಡೂ ಶ್ರಾವಕನ ಲೆಕ್ಕದೊಳಗೇ ಇದೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗ ಮತ್ತು ಉಪಭೋಗಗಳನ್ನು ಬೇರ್ಪಡಿಸಿರುವುದು ಈ ವಿಚಾರಕ್ಕೆ ಬಹು ಮುಖ್ಯ. ಒಮ್ಮೆ ಅನುಭವಿಸಿ ಬಿಡುವಂಥದು ಭೋಗ. ಅನ್ನ ಅದಕ್ಕೆ ಉದಾಹರಣೆ. ಅನುಭವಿಸಿ ಮತ್ತೆ ಅನುಭವಿಸಲು ಬರುವಂಥದು ಉಪಭೋಗ. ವಸ್ತ್ರ ಅದಕ್ಕೆ ಉದಾಹರಣೆ. ಹಾಗಾದರೆ ಹತ್ತು ವರ್ಷ ಬಾಳಬಲ್ಲ ಟವೆಲ್ಲನ್ನು ಅಜಾಗರೂಕತೆಯಿಂದ ಎರಡೇ ವರ್ಷಕ್ಕೆ ಚಿಂದಿ ಮಾಡುವವನು ಏನು ಮಾಡಿದಂತಾಯಿತು? ಉಪಭೋಗದ ವಸ್ತುವನ್ನು ಅವನು ಭೋಗದ ಕಡೆಗೆ ತಳ್ಳಿದ. ಒಮ್ಮೆ ಕೈ ಒರಸಿ ಬುಟ್ಟಿಗೆಸೆಯುವ ಕಾಗದದ ಕರವಸ್ತ್ರದಲ್ಲಿ ಈ ತಳ್ಳುವಿಕೆ ಪೂರ್ಣವಾಗುತ್ತದೆ. ಅದು ಇಂದು ನಮ್ಮ ಮದುವೆ ಊಟಗಳ ಪಂಕ್ತಿಗೂ ಬಂದಿದೆ.

ಇದು ಅತಿಯಾದ ಸೂಕ್ಷ್ಮತೆ ಎನ್ನುವವರು ಹತ್ತಿಯ ಹೊಲವನ್ನೊಮ್ಮೆ ನೆನೆಯಬೇಕು. ಕೊಂಕಲ್, ಶಹಾಪುರ, ಸುರಪುರಗಳ ಸೀಮೆಯವರಿಗೆ ಅದು ದೂರದ ಮಾತೇನಲ್ಲ. ಯಾದಗಿರಿ ಜಿಲ್ಲೆಯಲ್ಲಿ ತೊಗರಿಯ ಜೊತೆಗೆ ಹತ್ತಿಯೂ ಕಣ್ಣೆದುರೇ ಬೆಳೆಯುತ್ತದೆ. ಕಾಯಿಕೊರಕ ಹುಳುವಿಗಾಗಿ ಸಿಂಪಡಿಸುವ ಔಷಧ ಹುಳುವಿನೊಡನೆ ಬೇರೆಷ್ಟು ಜೀವಗಳನ್ನು ಕೊಲ್ಲುತ್ತದೆಂಬುದನ್ನು ಇಲ್ಲಿನ ಒಕ್ಕಲುಮಕ್ಕಳು ಬಲ್ಲರು. 2002ರಲ್ಲಿ ಬಂದ ಬಿ.ಟಿ. ಹತ್ತಿಯನ್ನೂ ಮುಂದೆ ಗುಲಾಬಿ ಕಾಯಿಕೊರಕ ಜಯಿಸಿತು, ಸಿಂಪಡಣೆ ನಿಲ್ಲಲಿಲ್ಲ. ನೀರಿನ ಲೆಕ್ಕವೂ ಚಿಕ್ಕದಲ್ಲ. ಮಳೆಯ ನೀರನ್ನೂ ಸೇರಿಸಿ, 1 ಕಿಲೋ ಹತ್ತಿಬಟ್ಟೆಗೆ ಪ್ರಪಂಚದ ಸರಾಸರಿಯಲ್ಲಿ ಸುಮಾರು 10,000 ಲೀಟರ್ ನೀರು ಬೇಕೆಂದು ತಜ್ಞರು ಎಣಿಸಿದ್ದಾರೆ. 400 ಗ್ರಾಂ ತೂಗುವ ಒಂದು ಟವೆಲ್ಲಿಗೆ 4,000 ಲೀಟರ್ ಆಯಿತು. ನಾವು ಹೊಲ ಉಳುವುದಿಲ್ಲ, ಔಷಧ ಹೊಡೆಯುವುದಿಲ್ಲ ಎನ್ನಬಹುದು. ಕೃತದ ಜೊತೆಗೆ ಕಾರಿತ, ಅನುಮೋದಿತಗಳನ್ನೂ ಎಣಿಸುವ ಧರ್ಮದಲ್ಲಿ ಆ ಮಾತು ಬಹಳ ದೂರ ನಡೆಯದು.

ಆದುದರಿಂದ ಟವೆಲ್ಲನ್ನು ಬಾಳಿಸುವುದು ಯತ್ನಾಚಾರದ ಒಂದು ಅಂಗ. ಅದರ ಮೊದಲ ಶತ್ರು ತೇವ. ಮೈ ಒರಸಿದ ವಸ್ತ್ರವನ್ನು ಮುದ್ದೆ ಮಾಡಿ ಬಿಟ್ಟರೆ ಮುಗ್ಗಲು ವಾಸನೆ ಬಂದು ಬೂಷ್ಟು ಹಿಡಿಯುತ್ತದೆ. ಬೂಷ್ಟು ನೂಲನ್ನು ತಿನ್ನುತ್ತದೆ. ನಮ್ಮ ದೃಷ್ಟಿಯಲ್ಲಿ ಅದಕ್ಕಿಂತ ಮುಖ್ಯವಾದುದು, ಮುಂದೆ ಒಗೆಯುವಾಗ ಸಾಯುವ ಅಸಂಖ್ಯ ಜೀವಗಳಿಗೆ ನಾವೇ ಅಲ್ಲಿ ಹುಟ್ಟುನೆಲೆ ಒದಗಿಸಿದೆವು. ಒರಸಿದ ಕೂಡಲೇ ಹಿಂಡಿ, ಝಾಡಿಸಿ, ಗಾಳಿಯಾಡುವಲ್ಲಿ ಅಗಲವಾಗಿ ಹರವಿದರೆ ದಿನವೂ ಸೋಪು ಹಾಕಿ ಒಗೆಯುವ ಅಗತ್ಯವೇ ಬೀಳದು. ಯಾದಗಿರಿಯ ಬೇಸಿಗೆಯಲ್ಲಿ ಅದು ಒಣಗಲು ಎಷ್ಟು ಹೊತ್ತು ಬೇಕು?

ಎರಡನೆಯ ಶತ್ರು ಸವುಳು ನೀರು. ಕೊಳವೆಬಾವಿಯ ಗಡಸು ನೀರಿನಲ್ಲಿರುವ ಸುಣ್ಣದ ಅಂಶ ಸೋಪಿನೊಡನೆ ಕೂಡಿ ಕರಗದ ಜಿಗುಟಾಗಿ ನೂಲಿನಲ್ಲಿ ಕೂರುತ್ತದೆ. ಟವೆಲ್ಲು ರಟ್ಟಿನಂತಾಗುತ್ತದೆ, ನೀರು ಹೀರದು. ಆಗ ಜನ ಇನ್ನಷ್ಟು ಸೋಪು ಹಾಕುತ್ತಾರೆ, ರೋಗ ಹೆಚ್ಚುತ್ತದೆ. ಒಗೆಯುವ ನೀರಿಗೆ ಮೊದಲೇ ಸ್ವಲ್ಪ ವಾಷಿಂಗ್ ಸೋಡಾ ಬೆರೆಸಿ, ಸೋಪನ್ನು ಕಡಿಮೆ ಮಾಡಿ, ಚೆನ್ನಾಗಿ ಜಾಲಿಸಿದರೆ ಸಾಕು. ಜಾಹೀರಾತಿನ ಫ್ಯಾಬ್ರಿಕ್ ಸಾಫ್ಟನರ್ ನೂಲಿನ ಮೇಲೆ ಜಿಡ್ಡಿನ ಪದರ ಹಚ್ಚುತ್ತದೆ. ಕೈಗೆ ಮೆತ್ತಗೆನಿಸಿದರೂ ಮೈಯ ನೀರನ್ನು ಹೀರದು. ಬ್ಲೀಚಿಂಗ್ ಪುಡಿ ಬೆಳ್ಳಗೆ ಮಾಡುತ್ತದೆ, ನೂಲಿನ ಬಲವನ್ನೂ ಕಳೆಯುತ್ತದೆ. ಬಂಡೆಗೆ ಬಡಿಯುವುದರ ವಿಷಯ ಹೇಳಬೇಕಾಗಿಲ್ಲ. ಹರಿಯುವುದು ಮೊದಲು ಅಂಚಿನಿಂದ. ಅಲ್ಲಿ ಒಂದು ಎಳೆ ಬಿಚ್ಚಿದಾಗಲೇ ನಾಲ್ಕು ಹೊಲಿಗೆ ಹಾಕಿದರೆ ವರ್ಷಗಳು ಉಳಿಯುತ್ತವೆ.

ನಡು ಸವೆದ ಟವೆಲ್ಲನ್ನು ಉದ್ದಕ್ಕೆ ಸೀಳಿ, ಗಟ್ಟಿಯಿರುವ ಎರಡು ಅಂಚುಗಳನ್ನು ನಡುವಿಗೆ ತಂದು ಹೊಲಿಯುವ ಉಪಾಯ ಹಳೆಯದು. ಅನಂತರ ಅದು ಕೈ ಒರಸಲು, ಪಾತ್ರೆ ಒರಸಲು, ಒಲೆಯ ಮಸಿಅರಿವೆಗೆ, ನೆಲಕ್ಕೆ ಎಂದು ಇಳಿಯುತ್ತ ಹೋಗುತ್ತದೆ. ಕೂಸಿನ ಮೈಗೆ ಹೊಸ ಬಟ್ಟೆಗಿಂತ ಒಗೆದೊಗೆದು ಮೆತ್ತಗಾದ ಹಳೆಯ ಅರಿವೆಯೇ ಹಿತ. ನಮ್ಮ ಉತ್ತರ ಕರ್ನಾಟಕದ ಕೌದಿಯಂತೂ ಈ ವಿದ್ಯೆಯ ಶಿಖರ: ಹರಿದ ಸೀರೆ ಧೋತರಗಳು ಪದರಪದರವಾಗಿ ಸೇರಿ, ಒತ್ತೊತ್ತಾದ ಹೊಲಿಗೆಯಿಂದ ಬಿಗಿದು, ಇನ್ನೊಂದು ಆಯುಷ್ಯ ಪಡೆಯುತ್ತವೆ. ಪಾಲಿಯೆಸ್ಟರ್ ಬೆರೆತ ಬಟ್ಟೆಗೆ ಇಂಥ ಕೊನೆಗಾಲ ಇಲ್ಲ. ಒಗೆದಾಗಲೆಲ್ಲ ಅದರಿಂದ ಪ್ಲಾಸ್ಟಿಕ್ಕಿನ ಸೂಕ್ಷ್ಮ ಎಳೆಗಳು ನೀರಿಗೆ ಸೇರುತ್ತವೆ. ಮಣ್ಣಿಗೆ ಹಾಕಿದರೂ ಕೊಳೆಯುವುದಿಲ್ಲ.

ಇಷ್ಟು ಹೇಳಿದ ಮೇಲೆ ಕಠಿನವಾದ ಪ್ರಶ್ನೆಗೆ ಬರಬೇಕು. ಮಿತವ್ಯಯ ಯಾವಾಗ ಲೋಭವಾಗುತ್ತದೆ? ಅನೇಕ ಮನೆಗಳಲ್ಲಿ ಹೊಸ ಟವೆಲ್ಲುಗಳು ಟ್ರಂಕಿನಲ್ಲಿ ಮಲಗಿರುತ್ತವೆ. ಹರಿದದ್ದು ಮನೆಕೆಲಸದವಳಿಗೆ, ಪಾತ್ರೆ ಒರಸುವಂಥದ್ದು ಬಡನೆಂಟನಿಗೆ. ಹೊಲಿಗೆ ಹಾಕುವ ಶ್ರಮ ಸೊಸೆಯದು, ‘ನಾವು ಏನನ್ನೂ ವ್ಯರ್ಥ ಮಾಡುವುದಿಲ್ಲ’ ಎಂಬ ಕೀರ್ತಿ ಮಾವನದು. ಇಲ್ಲಿ ವಸ್ತ್ರ ಉಳಿಯಿತು ನಿಜ, ಆದರೆ ಕಷಾಯ ಕ್ಷೀಣಿಸಲಿಲ್ಲ. ಪರಿಗ್ರಹದ ಬೇರು ವಸ್ತುವಿಗಿಂತ ಮಮತ್ವದಲ್ಲಿದೆ ಎಂಬುದು ಉಮಾಸ್ವಾತಿಗಳ ನಿರ್ಣಯ. ‘ಎಂದಾದರೂ ಬೇಕಾದೀತು’ ಎಂದು ಕೂಡಿಟ್ಟ ಚಿಂದಿಯ ಗಂಟೂ ಆ ನಿರ್ಣಯದಿಂದ ತಪ್ಪಿಸಿಕೊಳ್ಳಲಾರದು. ನನ್ನ ಮಟ್ಟಿಗೆ ಪರೀಕ್ಷೆ ಇದು: ಹಳೆಯದರ ಒರಟುತನ ಯಾರ ಮೈಗೆ ತಾಗುತ್ತಿದೆ? ನನ್ನ ಮೈಗೇ ತಾಗಿದರೆ ಅದನ್ನು ವ್ರತವೆನ್ನಬಹುದು.

ದಾನದ ವಿಷಯದಲ್ಲಿಯೂ ಹೀಗೆಯೇ. ನಮಗೆ ಬೇಡವಾದ ಹರಕನ್ನು ಕೊಟ್ಟು ದಾನವೆಂದು ಬರೆದುಕೊಳ್ಳುವುದು ಸರಿಯಲ್ಲ. ಅದನ್ನು ಕೊಡಬಾರದೆಂದಲ್ಲ, ಹಳೆಯದನ್ನು ಹಳೆಯದೆಂದೇ ಹೇಳಿ, ಒಗೆದು, ಹೊಲಿದು, ಬೇಕೆಂದವರಿಗೆ ಕೊಡಬಹುದು. ಹಳೆಯ ಬಟ್ಟೆಗೆ ಪಾತ್ರೆ ಕೊಡುವವರು ಬಾಗಿಲಿಗೆ ಬಂದರೆ ಅವರೊಡನೆ ಮಾಡುವುದು ಪ್ರಾಮಾಣಿಕವಾದ ವ್ಯಾಪಾರ. ಅದಕ್ಕೆ ಪುಣ್ಯದ ಹೆಸರು ಬೇಡ.

ಹಳೆಯ ಬಟ್ಟೆ ಎಲ್ಲಿಗೂ ಸಲ್ಲುತ್ತದೆಯೇ ಎಂಬುದಕ್ಕೆ ನೀರು ಸೋಸುವ ಅರಿವೆ ಒಳ್ಳೆಯ ದೃಷ್ಟಾಂತ. 36 ಅಂಗುಲ ಉದ್ದ, 24 ಅಂಗುಲ ಅಗಲದ ದಪ್ಪ ವಸ್ತ್ರವನ್ನು ಎರಡು ಮಡಿಕೆ ಮಾಡಿ ಸೋಸಬೇಕು, ಅದರ ಮೂಲಕ ಸೂರ್ಯನ ಬೆಳಕು ಕಾಣಬಾರದು, ಅದು ಬೇರೆ ಕೆಲಸಕ್ಕೆ ಬಳಸಿದ್ದಾಗಿರಬಾರದು ಎಂಬುದು ನಮ್ಮ ರೂಢಿ. ಉತ್ತರ ಕರ್ನಾಟಕದ ಊರುಗಳನ್ನು ಒಂದು ಕಾಲದಲ್ಲಿ ಕಾಡಿದ ನಾರುಹುಣ್ಣು ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಸಣ್ಣ ಜಲಚರದ ಮೂಲಕ ಹರಡುತ್ತಿತ್ತು. ಅದನ್ನು ತಡೆಯಲು ಸರಕಾರವೂ ಬಟ್ಟೆಯಿಂದ ಸೋಸುವುದನ್ನೇ ಬೋಧಿಸಿತು. ಭಾರತದಲ್ಲಿ ಕೊನೆಯ ಪ್ರಕರಣ ಕಂಡದ್ದು 1996ರಲ್ಲಿ; 2000ರಲ್ಲಿ ದೇಶ ಆ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಇನ್ನೊಂದು ವಿಶೇಷ: ಬಾಂಗ್ಲಾದೇಶದ ಮತ್ಲಬ್ ಪ್ರದೇಶದ ಹಳ್ಳಿಗಳಲ್ಲಿ ಸೀರೆಯ ಬಟ್ಟೆಯನ್ನು ಹಲವು ಮಡಿಕೆ ಮಾಡಿ ನೀರು ಸೋಸಿದಾಗ ಕಾಲರಾ ಸುಮಾರು ಅರ್ಧಕ್ಕೆ ಇಳಿಯಿತೆಂದು ರೀಟಾ ಕೋಲ್ವೆಲ್ ಮತ್ತು ಸಂಗಡಿಗರು 2003ರಲ್ಲಿ ವರದಿ ಮಾಡಿದರು. ಅವರಿಗೆ ಹೊಸ ಸೀರೆಗಿಂತ ಹಳೆಯ ಸೀರೆಯೇ ಮೇಲೆನಿಸಿತು. ಒಗೆದೊಗೆದು ಎಳೆಗಳು ಅರಳಿ ನಡುವಣ ರಂಧ್ರಗಳು ಕಿರಿದಾಗಿದ್ದವು. ಅಂದಮೇಲೆ ದೋಷವಿರುವುದು ಹಳೆತನದಲ್ಲಲ್ಲ, ತೆಳುವಾಗುವುದರಲ್ಲಿ ಮತ್ತು ತೂತಿನಲ್ಲಿ. ಸೋಸುವ ಅರಿವೆಯನ್ನು ಅದಕ್ಕೆಂದೇ ಇಟ್ಟು ಬಳಸಿ ಮೆತ್ತಗಾಗಿಸಬೇಕು. ಬಿಸಿಲಿಗೆ ಹಿಡಿದಾಗ ಬೆಳಕಿನ ಚುಕ್ಕೆ ಕಂಡ ದಿನವೇ ಬದಲಾಯಿಸಬೇಕು. ಅಲ್ಲಿ ನಾಲ್ಕು ಕಾಸು ಉಳಿಸಹೊರಟರೆ ಜೀವಗಳು ಜಾರಿ ಹೋಗುತ್ತವೆ.

ಬಸದಿಗಳ ಆಡಳಿತ ಮಂಡಳಿಯವರಲ್ಲಿ ಒಂದು ಬಿನ್ನಹ. ಜಿನಬಿಂಬವನ್ನು ಒರಸುವ ವಸ್ತ್ರಗಳನ್ನು ಅವು ಹಳತಾದ ಮೇಲೂ ನೆಲಕ್ಕೆ ಇಳಿಸದೆ ಬೇರೆಯಾಗಿಡುವ ಎಚ್ಚರ ಬಹುತೇಕ ಎಲ್ಲೆಡೆ ಇದೆ. ಭೋಜನಶಾಲೆಯ ಕೈತೊಳೆಯುವಲ್ಲಿ ಮಾತ್ರ ಒಂದೇ ಟವೆಲ್ಲು ಬೆಳಗಿನಿಂದ ಸಂಜೆಯವರೆಗೆ ಒದ್ದೆಯಾಗಿ ತೂಗುತ್ತಿರುತ್ತದೆ. ನಾಲ್ಕಾರು ತೆಳು ನೂಲಿನ ತುಂಡುಗಳನ್ನು ಸರದಿಯಂತೆ ಒಣಗಿಸಿ ಹಾಕಿದರೆ ಆ ತೊಂದರೆಯಿಲ್ಲ. ಸಮಾರಂಭಗಳಲ್ಲಿ ಹೊದಿಸುವ ಮಿರುಗುವ ಶಾಲುಗಳು ಸನ್ಮಾನಿತರ ಕಪಾಟಿನಲ್ಲಿ ಕೊಳೆಯುವುದನ್ನು ನಾವೆಲ್ಲ ಬಲ್ಲೆವು. ಅದರ ಬದಲು ಕೈಮಗ್ಗದ ಒಂದು ಹತ್ತಿ ಟವೆಲ್ಲು ಕೊಟ್ಟರೆ ಮರುದಿನ ಬೆಳಗಿನ ಸ್ನಾನಕ್ಕೇ ಒದಗುತ್ತದೆ.