ಬೆಟ್ಟಕ್ಕೆ ಯಾವ ಕಾಲಂ?

ಹವಾಮಾನದ ದತ್ತಾಂಶ ಜೋಡಿಸುವ ಗೆಳೆಯನೊಬ್ಬ ಆಗಾಗ ಒಂದು ಮಾತು ಹೇಳಿ ನನ್ನ ತಲೆ ಕೆಡಿಸುತ್ತಾನೆ: 'ಹೆಸರು ಅಂದ್ರೆ ಬರೀ ಚೀಟಿ ಕಣೋ. ಎಲ್ಲರೂ ಒಂದೇ ಚೀಟಿ ಅಂಟಿಸಿದರೆ ಜಗಳ ಮುಗೀತು.' ಶಬ್ದಕ್ಕೂ ಅರ್ಥಕ್ಕೂ ಇರುವ ನಂಟು ನಿತ್ಯವೋ, ಬರೀ ಸಂಕೇತವೋ ಎಂದು ಮೀಮಾಂಸಕರೂ ನೈಯಾಯಿಕರೂ ಕಾದಾಡಿದ್ದು ಗೊತ್ತು. ಆ ಕಡತ ಬಿಚ್ಚಿದರೆ ನನಗೆ ಆಕಳಿಕೆ. ನನ್ನ ತಕರಾರು ಇವನೊಬ್ಬನ ಜೊತೆ.

ಅವನ ವಾದ ಪೊಳ್ಳಲ್ಲ. ಜಗತ್ತಿನ ಹವಾಮಾನ ಮಾದರಿಗಳನ್ನು ಹೋಲಿಸುವ ಸಿಎಂಐಪಿಯಲ್ಲಿ ಮಳೆಯ ಹೆಸರು 'ಪಿಆರ್'. ಚದರ ಮೀಟರಿಗೆ, ಸೆಕೆಂಡಿಗೆ ಇಷ್ಟು ಕಿಲೋಗ್ರಾಂ ಎಂದು ಅದರ ಲೆಕ್ಕ; 86,400ರಿಂದ ಗುಣಿಸಿದರೆ ದಿನದ ಮಿಲಿಮೀಟರ್. ಅಪ್ಪ ಅಂಗಳದ ಮಳೆಮಾಪಕ ನೋಡುತ್ತಿದ್ದುದು ಹವಾಮಾನ ಇಲಾಖೆಯ ಪದ್ಧತಿಯಂತೆ ಬೆಳಗಿನ ಎಂಟೂವರೆಗೆ. ಹಾಗಾಗಿ ಅವರ ಡೈರಿಯ 'ಜುಲೈ 10ರ ಮಳೆ' ಬಹುಪಾಲು 9ನೇ ತಾರೀಕು ಸುರಿದದ್ದು. ಮಾದರಿಗಳ ದಿನ ಸಾಮಾನ್ಯವಾಗಿ ಗ್ರೀನ್‌ವಿಚ್ಚಿನ ನಡುರಾತ್ರಿಗೆ ಶುರು. ನಮಗಾಗ ಬೆಳಗಿನ ಐದೂವರೆ. ಈ ಗೋಜಲು ಬಿಡಿಸಲು ಒಪ್ಪಿದ ಹೆಸರು, ಅದರ ಬೆನ್ನಿಗೊಂದು ವಿವರಣೆ ಬೇಕೇ ಬೇಕು. ಇಲ್ಲಿ ಅವನಿಗೆ ಪೂರ್ತಿ ಅಂಕ.

ನೆಲದ ಮಾತು ಬಂದಾಗ ನನಗೆ ರೇಗುತ್ತದೆ. ಎಲ್‌ಯುಎಚ್2 ಎಂಬ ಭೂಬಳಕೆ ದತ್ತಾಂಶ ಇಡೀ ಭೂಮಿಯ ನೆಲವನ್ನು ಹನ್ನೆರಡು ಹೆಸರಿಗೆ ಹಂಚಿದೆ. ಅದರಲ್ಲೊಂದು 'ಸೆಕ್‌ಡಿಎಫ್'. ಕಂಡವರು ಮರಳಿ ಬೆಳೆದ ಕಾಡು ಎಂದು ಓದುತ್ತಾರೆ. ವಿವರಣೆ ಹೇಳುವುದು ಬೇರೆ: ಮನುಷ್ಯನ ಕೈ ಬಿದ್ದ, ಕಾಡು ಬೆಳೆಯಬಲ್ಲ ನೆಲ. ಈಗ ಅಲ್ಲಿ ಮರ ಇರಲೇಬೇಕೆಂದಿಲ್ಲ. ಬರೀ ಚೀಟಿಯಾಗಿದ್ದರೆ 'ಕ್ಷ-7' ಅಂದರೂ ನಡೆಯುತ್ತಿತ್ತು. ಯಾರೂ ಹಾಗೆ ಇಡುವುದಿಲ್ಲ. ವಿವರಣೆ ತೆರೆಯುವ ಮೊದಲೇ ಹೆಸರು ಓದುವವನ ತಲೆಯಲ್ಲಿ ಮರ ನೆಟ್ಟಿರುತ್ತದೆ.

ಶಿರಸಿ ಕಡೆಯ ನಮ್ಮ ತೋಟಕ್ಕೊಂದು ಸೊಪ್ಪಿನ ಬೆಟ್ಟವಿದೆ. ಮತ್ತಿ, ಹೊನ್ನೆಯ ಟೊಂಗೆ ಸವರಿ, ಸೊಪ್ಪನ್ನು ಕೊಟ್ಟಿಗೆಗೆ ಹಾಸಿ, ಗೊಬ್ಬರವಾದ ಮೇಲೆ ಅಡಿಕೆಯ ಬುಡಕ್ಕೆ ಹಾಕುತ್ತೇವೆ. ಮರ ನಿಂತಿದೆ, ತಲೆ ಬೋಳು. ಕೆಳಗೆ ದನ ಮೇಯುತ್ತದೆ. ಜಾಗ ಸರ್ಕಾರದ್ದು, ಸೊಪ್ಪಿನ ಹಕ್ಕು ನಮ್ಮದು. ಹನ್ನೆರಡರಲ್ಲಿ ಇದು ಯಾವುದು? ಕಾಡೆಂದರೆ ಸೊಪ್ಪು ತರುವವನು ಕಾಡು ಕಡಿಯುವವನಾಗುತ್ತಾನೆ. ಮೇವಿನ ನೆಲವೆಂದರೆ ಅಷ್ಟೂ ಮರ ಓದುವವನ ಕಣ್ಣಿಂದ ಮಾಯ.

ಗೆಳೆಯ ಬಗ್ಗಲಿಲ್ಲ. 'ಹೊಸ ಹೆಸರು ಬೇಕಾ? ಸೂಚಿಸು. ಹವಾಮಾನ ದತ್ತಾಂಶಕ್ಕೆ ಎಲ್ಲರೂ ಒಪ್ಪಿದ ಹೆಸರುಗಳ ಸಿಎಫ್ ಪಟ್ಟಿ ಬೆಳೆದದ್ದೇ ಹಾಗೆ. ಯಾರಾದರೂ ಸೂಚಿಸ್ತಾರೆ, ಚರ್ಚೆ ಆಗುತ್ತೆ, ಸೇರುತ್ತೆ.' ನಿಜವೇ. ಆದರೆ ಆ ಕಾಲಂ ತುಂಬುವ ಅಂಕಿ ಯಾರು ಕೊಡಬೇಕು? ಎಲ್‌ಯುಎಚ್2ರ ಒಂದೊಂದು ಚೌಕದ ಬದಿ ಸುಮಾರು 28 ಕಿಲೋಮೀಟರ್. ನಮ್ಮ ಬೆಟ್ಟ ಅದರೊಳಗೊಂದು ದಶಮಾಂಶ. ಪ್ರತಿ ಊರೂ ತನ್ನ ಬೆಟ್ಟ ಸೇರಿಸುತ್ತ ಹೋದರೆ ಹೋಲಿಕೆಯೇ ಕೆಡುತ್ತದೆ, ಪಟ್ಟಿ ಹುಟ್ಟಿದ್ದು ಹೋಲಿಕೆಗೆಂದೇ. ಇದನ್ನು ಅವನಿಗಿಂತ ಮೊದಲು ನಾನೇ ಹೇಳಿಬಿಟ್ಟೆ, ಯಾಕೋ.

ಊರಿನ ಹೆಸರುಗಳೂ ಅಷ್ಟೇನು ಸಾಚಾ ಅಲ್ಲ. ದಾಖಲೆಯಲ್ಲಿ ಗೋಮಾಳ, ಹೋಗಿ ನೋಡಿದರೆ ಅಕೇಶಿಯಾ. ಎಷ್ಟೋ ಬೆಟ್ಟಗಳ ಬುಡಕ್ಕೆ ಅಡಿಕೆ ಸಸಿ ಬಂದು ಕೂತಿದೆ, ಬಾಯಲ್ಲಿ ಮಾತ್ರ ಈಗಲೂ ಬೆಟ್ಟವೇ. ಉಪಗ್ರಹದ ಚಿತ್ರ ಹಿಗ್ಗಿಸಿ ಗೆಳೆಯ ಕೇಳಿದ: 'ನಿನ್ನ ಹೆಸರೇ ಇಡೋಣ. ಅಡಿಕೆ ಬಂದ ವರ್ಷ ಅದನ್ನ ಬದಲಿಸೋರು ನೀವೋ, ನಾವೋ?'

'ನಾವೇ' ಅಂದೆ. ಅಡಿಕೆ ನೆಟ್ಟವರೇ ಹೆಸರು ಬದಲಿಸುತ್ತಾರೆಂಬ ಧೈರ್ಯ ನನಗಿಲ್ಲ. ಅವನ ಕೈಗೆ ಬಿಡಲು ಮನಸ್ಸೂ ಇಲ್ಲ.