ಕಾಯುವವರ ಹಕ್ಕು

ಕೊಣ್ಣೂರಿನ ನಮ್ಮ ಮನೆಯ ಅಟ್ಟದ ಮೇಲೆ ಒಂದು ಗಡಿಗೆ ಹಳೇ ಬೆಲ್ಲ ಇತ್ತು. ಆಯಿ ಇಟ್ಟದ್ದು. ‘ಬಾಣಂತಿಗೆ ಬೇಕಾಗ್ತೈತಿ, ಮುಟ್ಟಬ್ಯಾಡ್ರಿ’ ಎನ್ನುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಅದನ್ನು ಬಳಸಬೇಕೋ ಇಡಬೇಕೋ ಎಂದು ಮನೆಯಲ್ಲಿ ಸಣ್ಣ ಜಗಳವೇ ಆಯಿತು. ಫ್ರಾನ್ಸಿನ ಕೊನ್ಯಾಕ್ ಪ್ರದೇಶದ ಮನೆತನಗಳ ಬಗ್ಗೆ ಓದುವಾಗ ನನಗೆ ನೆನಪಾದದ್ದು ಈ ಜಗಳ.

ಅಲ್ಲಿ ಕೆಲವು ಕುಟುಂಬಗಳ ಕಸುಬೇ ನೆಲಮಾಳಿಗೆಗಳಲ್ಲಿ ಉಳಿದ ಹಳೆಯ ಪೀಪಾಯಿಗಳನ್ನು ಹುಡುಕಿ ಕೊಂಡು, ಬಾಟಲಿಗೆ ತುಂಬಿ ಮಾರುವುದು. ದ್ರಾಕ್ಷಾರಸವನ್ನು ಹುಳಿ ಬರಿಸಿ, ತಾಮ್ರದ ಹಂಡೆಯಲ್ಲಿ ಎರಡು ಸಲ ಭಟ್ಟಿ ಇಳಿಸಿ, ಓಕ್ ಮರದ ಪೀಪಾಯಿಯಲ್ಲಿ ಇಡುತ್ತಾರೆ. ಎಕ್ಸ್‌ಒ ಎಂದು ಬರೆಯಲು 2018ರಿಂದ ಕನಿಷ್ಠ 10 ವರ್ಷ ಬೇಕು. 50 ವರ್ಷ ದಾಟಿದವೂ ಇವೆ. ಮರದಲ್ಲಿರುವಷ್ಟು ದಿನ ಅದು ಮಾಗುತ್ತದೆ, ವರ್ಷಕ್ಕೆ ಸುಮಾರು ಶೇ. 2ರಷ್ಟು ಆವಿಯಾಗುತ್ತದೆ. ಅದಕ್ಕೆ ‘ದೇವದೂತರ ಪಾಲು’ ಎಂದು ಹೆಸರು. ಗಾಜಿಗೆ ಸುರಿದು ಬಿರಡೆ ಹಾಕಿದರೆ ಎರಡೂ ನಿಂತಂತೆಯೇ. ಬಾಟಲಿ ತುಂಬುವುದೆಂದರೆ ಅಜ್ಜ ಶುರು ಮಾಡಿದ ಕೆಲಸ ಮುಗಿಯಿತೆಂದು ಮೊಮ್ಮಗ ತೀರ್ಮಾನಿಸುವುದು. ಹಾಗೆ ತೀರ್ಮಾನಿಸಲು ಅವನಿಗೇನು ಹಕ್ಕು?

ನಮ್ಮ ಬಿಸಿಲಿನಲ್ಲಿ ಈ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. ರಾಧಾಕೃಷ್ಣ ರಾವ್ ಜಗದಾಳೆ 1948ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಅಮೃತ್ ಡಿಸ್ಟಿಲರೀಸ್, ಮಗ ನೀಲಕಂಠ ಜಗದಾಳೆಯವರ ಕಾಲದಲ್ಲಿ, 2004ರಲ್ಲಿ, ತನ್ನ ಸಿಂಗಲ್ ಮಾಲ್ಟ್ ವಿಸ್ಕಿಯನ್ನು ಗ್ಲಾಸ್ಗೋದಲ್ಲಿ ಬಿಡುಗಡೆ ಮಾಡಿತು. ಬೆಂಗಳೂರಿನಲ್ಲಿ ವರ್ಷಕ್ಕೆ ಶೇ. 10ಕ್ಕೂ ಹೆಚ್ಚು ಆವಿ. ಹತ್ತು ವರ್ಷಕ್ಕೆ ಪೀಪಾಯಿಯಲ್ಲಿ ಮೂರನೇ ಒಂದು ಪಾಲು ಉಳಿದರೆ ಪುಣ್ಯ. ಕೊನ್ಯಾಕಿನಲ್ಲಿ ಅಷ್ಟು ಕರಗಲು ಐವತ್ತು ವರ್ಷ ಬೇಕು. ಹಾಗೆ ಉಳಿದ ಹಳೆಯ ವಿಸ್ಕಿಗೆ ಅವರಿಟ್ಟ ಹೆಸರು ‘ಗ್ರೀಡಿ ಏಂಜಲ್ಸ್’. ದುರಾಸೆಯ ದೂರನ್ನು ದೇವದೂತರ ಮೇಲೆ ಹಾಕಿದ್ದು ಜಾಣತನವೇ ಸರಿ.

ಕಾಯುವುದು ದೊಡ್ಡ ಗುಣವೆಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ನನಗೆ ಅನುಮಾನವಿದೆ. ಪೀಪಾಯಿ ಮುಂದೆ ಕಾಯಲು ಸಾಲ ಇರಬಾರದು. ನಮ್ಮ ಕಡೆ ಕಬ್ಬು ಕಳಿಸಿದವರೂ ಬಿಲ್ಲಿಗಾಗಿ ಕಾಯುತ್ತಾರೆ. ಆ ಕಾಯುವಿಕೆಯಿಂದ ಕಬ್ಬಿನ ಬೆಲೆ ಏರುವುದಿಲ್ಲ. ಅಜ್ಜನಾದರೂ ಮೊಮ್ಮಗನಿಗೆಂದೇ ಇಟ್ಟನೋ, ಆ ವರ್ಷ ಗಿರಾಕಿ ಸಿಗಲಿಲ್ಲವೋ, ಪೀಪಾಯಿ ಹೇಳುವುದಿಲ್ಲ.

ಆಯಿ ಮಾತ್ರ ಯಾರಿಗೆಂದು ಹೇಳಿಯೇ ಹೋಗಿದ್ದಳು. ಕಳೆದ ತಿಂಗಳು ಅಕ್ಕನಿಗೆ ಹೆರಿಗೆಯಾಯಿತು, ಅವ್ವ ಗಡಿಗೆ ಇಳಿಸಿದಳು. ಮಳೆಗಾಲಕ್ಕೆ ಬೆವತು ಬಸಿದು ಅರ್ಧ ಉಳಿದಿತ್ತು. ಅದರಲ್ಲೇ ಸ್ವಲ್ಪ ತೆಗೆದಿಡೋಣ ಅಂದೆ. ಅಕ್ಕ ಅಂಟಿನ ಉಂಡೆ ಬಾಯಿಗಿಟ್ಟುಕೊಂಡು, ‘ಯಾರಿಗೆ?’ ಎಂದು ನಕ್ಕಳು.